ಎರಡನೆಯ ಚಾಪೆ

ಕೆಲಸ ಸಿಕ್ಕಿತೆಂಬ ಸುದ್ದಿ ಬಂದ ದಿನ ತಿಪಟೂರಿನ ಹತ್ತಿರದ ಆ ಹಳ್ಳಿಯ ಮನೆಯಲ್ಲಿ ಹೋಳಿಗೆಯ ಅಡುಗೆಯಾಯಿತು. ಹುಡುಗ ಬಿ.ಕಾಂ. ಪಾಸುಮಾಡಿ ಎರಡು ವರ್ಷ ಕಂಡ ಕಂಡಲ್ಲಿಗೆ ಅರ್ಜಿ ಹಾಕಿ ದಣಿದಿದ್ದ. 2025ರ ಜೂನ್ ತಿಂಗಳಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ, ಸರಕು ಸಾಗಿಸುವ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ, ತಿಂಗಳಿಗೆ 24,000 ರೂಪಾಯಿ ಸಂಬಳದ ಕೆಲಸ ದೊರೆಯಿತು. ತಂದೆ ಎಂದಿಗಿಂತ ಎರಡು ಹೋಳಿಗೆ ಹೆಚ್ಚಾಗಿಯೇ ತಿಂದರು. ಎಲೆ ಮಡಿಸುವ ಹೊತ್ತಿಗೆ ತಾಯಿ ಕೇಳಿದರು: “ಅದೆಲ್ಲಾ ಸರಿ ಕಣಪ್ಪ, ಇರೋದೆಲ್ಲಿ?”

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ಬೆಂಗಳೂರಿನಲ್ಲಿ ಬಾಡಿಗೆಗೆ ಜಾಗ ಹುಡುಕುವ ಪ್ರಮೇಯ ಬಂದಿರಲಿಲ್ಲವೆಂದು ತೋರುತ್ತದೆ. ಬಂದಿದ್ದರೆ ಆ ಗಾದೆ ಇನ್ನೊಂದು ಮಾತಿನಷ್ಟು ಉದ್ದವಾಗುತ್ತಿತ್ತು.

ಹುಡುಗ ಲೆಕ್ಕದವನು, ಕಾಗದದ ಮೇಲೆ ಹಾಕಿ ನೋಡಿದ. ಹಿಡಿತಗಳೆಲ್ಲ ಕಳೆದು ಕೈಗೆ ಬರುವುದು 21,500. ಅದರಲ್ಲಿ 9,000 ಊರಿಗೆ ಹೋಗಬೇಕು. ಇದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಒಪ್ಪಿಕೊಂಡಿದ್ದ ಕರಾರು. ತಂಗಿಯ ನರ್ಸಿಂಗ್ ಓದಿನ ಶುಲ್ಕವಿತ್ತು. ಸೊಸೈಟಿಯ ಸಾಲದ ಕಂತಿತ್ತು. ತೆಂಗಿನ ಬೆಲೆಯೇನೋ ಆ ವರ್ಷ ಏರಿತ್ತು. ಆದರೆ ಬಿಳಿನೊಣದ ಕಾಟಕ್ಕೆ ಸಿಕ್ಕಿದ ಮರಗಳಲ್ಲಿ ಕಾಯಿಯೇ ಇರಲಿಲ್ಲ. ಬೆಲೆ ಇದ್ದಾಗ ಫಸಲಿಲ್ಲ, ಫಸಲಿದ್ದಾಗ ಬೆಲೆಯಿಲ್ಲ ಎಂಬುದು ತಿಪಟೂರಿನ ಕಡೆಯವರಿಗೆ ಹೊಸ ಮಾತೇನೂ ಅಲ್ಲ. ಉಳಿದ 12,500 ರೂಪಾಯಿಯಲ್ಲಿ ತಲೆಯ ಮೇಲೊಂದು ಸೂರು, ಹೊಟ್ಟೆಗೆ ಅನ್ನ, ಹೋಗಿ ಬರುವ ಖರ್ಚು ಮುಗಿಯಬೇಕು.

ಮೊದಲು ನೆನಪಿಗೆ ಬಂದವರು ತುಮಕೂರಿನ ಸೋದರಮಾವ. “ನಮ್ಮನೆ ಇಲ್ವೇನಯ್ಯ? ತುಮಕೂರಿಂದ ದಿನಾ ಹೋಗಿ ಬರೋರು ಸಾವಿರ ಜನ ಅವ್ರೆ” ಎಂದರು. ಮಾತು ಸುಳ್ಳಲ್ಲ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರು. ಬೆಳಗಿನ ರೈಲುಗಳಲ್ಲಿ ಹೋಗಿ ರಾತ್ರಿಯ ರೈಲುಗಳಲ್ಲಿ ಮರಳುವವರದು ಒಂದು ದೊಡ್ಡ ಸಂಸಾರವೇ. ಯಾರ ಸ್ಥಳ ಯಾವ ಬೋಗಿಯ ಯಾವ ಮೂಲೆ ಎಂಬುದು ಹಿಂದಿನಿಂದ ನಡೆದು ಬಂದಿದೆ. ಹೊಸಬ ಕುಳಿತರೆ ಎಬ್ಬಿಸುವುದಿಲ್ಲ. ಸುಮ್ಮನೆ ಮುಖ ನೋಡುತ್ತಾರೆ, ಅವನೇ ಏಳುತ್ತಾನೆ. ಬೆಂಗಳೂರಿನಲ್ಲೇ ಕೆಲಸವಿದ್ದವರಿಗೆ ಈ ಏರ್ಪಾಡು ಸಾಕು. ಈ ಹುಡುಗನ ವೈಟ್‌ಫೀಲ್ಡು ಮಾತ್ರ ಊರಿನ ಇನ್ನೊಂದು ತುದಿಯಲ್ಲಿತ್ತು. ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್ 9ರಂದು ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಒಂದೇ ಎಳೆಯಾಗಿ ಕೂಡಿಕೊಂಡಿದ್ದರಿಂದ ರೈಲ್ವೆ ನಿಲ್ದಾಣದ ಪಕ್ಕದಲ್ಲೇ ಹತ್ತಿ ಅಲ್ಲಿಗೆ ಹೋಗಿ ಇಳಿಯಬಹುದಿತ್ತು, ನಿಜ. ಆದರೂ ಮನೆಯಿಂದ ಕಛೇರಿಗೆ ಮೂರು ಗಂಟೆ, ಕಛೇರಿಯಿಂದ ಮನೆಗೆ ಮೂರು ಗಂಟೆ.

ಇಪ್ಪತ್ತು ದಿನ ನಡೆಯಿತು. ಅತ್ತೆ ನಾಲ್ಕೂವರೆಗೆ ಎದ್ದು ತಿಂಡಿ ಮಾಡುತ್ತಿದ್ದರು. ರಾತ್ರಿ ಹತ್ತರವರೆಗೆ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ ಕಾಯುತ್ತಿದ್ದರು. ಒಂದು ಮಾತು ಆಡಲಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಅವರು ಕುಳಿತಲ್ಲೇ ತೂಕಡಿಸುತ್ತಿದ್ದುದನ್ನು ಕಂಡ ಹುಡುಗ ಆ ಭಾನುವಾರವೇ ಬೆಂಗಳೂರಿನಲ್ಲಿ ಮನೆ ನೋಡಲು ಹೊರಟ.

ಬೆಂಗಳೂರಿನ ಮನೆಯ ಯಜಮಾನರು ಕೇಳುವ ಪ್ರಶ್ನೆಗಳಲ್ಲಿ ಒಂದು ಕ್ರಮವಿದೆ. ಮದುವೆಯಾಗಿದೆಯೇ ಎಂಬುದು ಮೊದಲನೆಯದು. ಇಲ್ಲವೆಂದರೆ ಅರ್ಧ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಎಲ್ಲಿ ಕೆಲಸ, ಎಷ್ಟು ಸಂಬಳ, ಯಾವ ಊರು. ಆಮೇಲೆ ಸ್ವಲ್ಪ ತಡೆದು, ಬಹಳ ಮರ್ಯಾದೆಯಿಂದ, “ಮನೇಲಿ ಅಡುಗೆ ಎಂಥಾದ್ದು?” ಇದು ಅಡುಗೆಯ ವಿಚಾರವಲ್ಲವೆಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಈ ಪ್ರಶ್ನೆಯ ತನಕವೂ ಬಾರದೆ, ಹೆಸರು ಕೇಳಿದೊಡನೆಯೇ “ಅಯ್ಯೋ, ನಿನ್ನೆ ತಾನೇ ಕೊಟ್ಟೆವಲ್ಲ” ಎಂಬ ಉತ್ತರ ಪಡೆಯುವವರೂ ಇದ್ದಾರೆ. ಅವರ ಭಾನುವಾರಗಳು ಇನ್ನೂ ಉದ್ದ.

ಈ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವನಿಗೆ ಮುಂಗಡದ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವುದು ಬೆಂಗಳೂರಿನ ಹಳೆಯ ರೂಢಿ. 12,000 ರೂಪಾಯಿಯ ಒಂದು ಕೋಣೆ ಅಡುಗೆಮನೆಗೆ 1,20,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಬಿಟ್ಟು ಹೋಗುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಇನ್ನೊಂದು ತಿಂಗಳದ್ದು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ಮಾದರಿ ಎಂಬ ಮಾತೇ ಹೇಳುವಂತೆ, ಅದು ನೋಡಿ ನಡೆಯಲೆಂದು ಇಟ್ಟದ್ದು. ರಾಜ್ಯಗಳು ತಮ್ಮದಾಗಿಸಿಕೊಂಡ ಹೊರತು ಯಾರನ್ನೂ ಕಟ್ಟದು. ಕರಾರುಪತ್ರವಂತೂ ಎಲ್ಲೆಡೆಯೂ ಹನ್ನೊಂದೇ ತಿಂಗಳಿಗೆ. ಹನ್ನೆರಡಕ್ಕೇಕಿಲ್ಲವೆಂದು ಹುಡುಗ ಒಬ್ಬರನ್ನು ಕೇಳಿಯೂಬಿಟ್ಟ. ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ತೊಡಕಿನ ಹತ್ತಿರಕ್ಕೇ ಹೋಗದಿರಲು ಈ ಹನ್ನೊಂದು. ಒಂದು ಕಾಯಿದೆಯಿಂದ ತಪ್ಪಿಸಿಕೊಳ್ಳುವ ಉಪಾಯವೇ ಊರಿಗೆಲ್ಲ ಪದ್ಧತಿಯಾಗಿ ನಿಂತದ್ದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಹೀಗೆ ಹೇಳುವಾಗ ಹಳೆಯ ಕಾಲದಲ್ಲಿ ಎಲ್ಲವೂ ಸುಖವಾಗಿತ್ತೆಂದು ಭ್ರಮೆಪಡಬೇಕಾಗಿಲ್ಲ. ಹಳ್ಳಿಯಿಂದ ಓದಲು ಬಂದವರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡರು. ಗುಮಾಸ್ತೆಗಿರಿಗೆ ಬಂದವರು ವಠಾರ ಸೇರಿದರು. ಒಂದೇ ತಲೆಬಾಗಿಲು, ಒಳಗೆ ಎದುರುಬದುರು ಸಾಲುಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಕಕ್ಕಸು. ನಿರಂಜನರ ‘ರಂಗಮ್ಮನ ವಠಾರ’ ಓದಿದವರಿಗೆ ಆ ಬದುಕಿನ ಇಕ್ಕಟ್ಟೂ ಬಿಸುಪೂ ಗೊತ್ತಿದೆ. ಈಗ ಆ ಸಾಲುಮನೆಗಳನ್ನು ಕೆಡವಿ ಅದೇ ನಿವೇಶನದಲ್ಲಿ ಐದಂತಸ್ತು ಎಬ್ಬಿಸಿದ್ದಾರೆ. ಅಂತಸ್ತುಗಳಲ್ಲಿ ಕೋಣೆ, ಕೋಣೆಗಳಲ್ಲಿ ಮಂಚ, ಮಂಚಕ್ಕೊಬ್ಬ ಬಾಡಿಗೆದಾರ. ಇದಕ್ಕೆ ಪೇಯಿಂಗ್ ಗೆಸ್ಟ್ ಎಂದು ಹೆಸರು, ಜನರ ಬಾಯಲ್ಲಿ ಪಿ.ಜಿ. ವಠಾರದಲ್ಲಿ ಬಾಡಿಗೆಗೆ ಸಿಗುತ್ತಿದ್ದುದು ಮನೆ. ಇಲ್ಲಿ ಸಿಗುವುದು ಮಂಚ. ವಠಾರದ ಮನೆಗೆ ನೆಂಟರು ಬಂದರೆ ನಡುಮನೆಯಲ್ಲಿ ಜಮಖಾನ ಹಾಸಬಹುದಿತ್ತು ಎಂಬುದನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು.

ಕೆಂಗೇರಿಯ ಕಡೆ ಇದ್ದ ಸಹಪಾಠಿಯೊಬ್ಬ ತಮ್ಮ ಮನೆಯಲ್ಲಿ ನಾಲ್ಕನೆಯವನಾಗಿ ಸೇರಲು ಕರೆದ. ಪಾಲಿನ ಬಾಡಿಗೆ 3,500 ಮಾತ್ರ. ಹುಡುಗನಿಗೆ ಆಸೆಯಾಯಿತು. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದ್ದರು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಆ ಗರಿಷ್ಠವೇ. ದಿನಕ್ಕೆ 180, ತಿಂಗಳಿಗೆ 26 ದಿನವೆಂದರೆ, ಕಾರ್ಡಿಗೆ ಸಿಗುವ ಚಿಲ್ಲರೆ ರಿಯಾಯಿತಿಯನ್ನು ಬಿಟ್ಟು, 4,680. ಮಲಗುವ ಜಾಗಕ್ಕಿಂತ ಅಲ್ಲಿಗೆ ತಲುಪುವ ಖರ್ಚೇ ಹೆಚ್ಚು! ಕೊನೆಗೆ ಕಛೇರಿಯಿಂದ ಕಾಲುಗಂಟೆಯ ನಡಿಗೆಯಲ್ಲಿದ್ದ ಪಿ.ಜಿ.ಯೊಂದರಲ್ಲಿ, ಮೂವರ ಕೋಣೆಯಲ್ಲಿ ಒಂದು ಮಂಚ ಹಿಡಿದ. ಊಟ ತಿಂಡಿ ಸೇರಿ 8,500. ಲೆಕ್ಕ ಸರಿಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿತವಚನವನ್ನು ಚಿಕ್ಕಂದಿನಿಂದ ಕೇಳಿದ್ದವನೇ. ಮಂಚದ ಉದ್ದ ಆರಡಿ, ಹುಡುಗನ ಎತ್ತರ ಐದಡಿ ಹನ್ನೊಂದಂಗುಲ. ಹಿತವಚನಕ್ಕೆ ಒಂದಂಗುಲದ ಅವಕಾಶ ಉಳಿದಿತ್ತು. ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಯನ್ನು ಅವನು ಓದಿದ್ದ, ಆದರೆ ಮನಸ್ಸಿಗೆ ತಂದುಕೊಂಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ತಂದೆ ಬಂದರು. ಎಡಗಣ್ಣಿಗೆ ಪೊರೆ ಬಂದು ದಾರಿ ಮಸುಕಾಗಿತ್ತು. ಆ ಭಾಗದ ಧರ್ಮಾರ್ಥ ಆಸ್ಪತ್ರೆಯೊಂದರಲ್ಲಿ ಖರ್ಚಿಲ್ಲದೆ ಶಸ್ತ್ರಚಿಕಿತ್ಸೆಯಾಗುತ್ತದೆಂದು ಮಗನೇ ವಿಚಾರಿಸಿ ಬರಮಾಡಿಕೊಂಡಿದ್ದ. ಬೆಳಿಗ್ಗೆ ಆರಕ್ಕೆಲ್ಲ ಸರತಿಯಲ್ಲಿ ನಿಲ್ಲಬೇಕಾಗಿದ್ದುದರಿಂದ ಹಿಂದಿನ ಸಂಜೆಯೇ ಬಂದು ಮಗನ ಹತ್ತಿರ ಮಲಗುವುದೆಂದು ನಿಶ್ಚಯವಾಗಿತ್ತು. ತಿಪಟೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಯಾರನ್ನೋ ಕೇಳಿಕೊಂಡು ಮೆಟ್ರೋ ಹಿಡಿದು, ಹೆಗಲಲ್ಲಿ ಚೀಲ ಹೊತ್ತು ಅವರು ಏಳು ಗಂಟೆಗೆ ಪಿ.ಜಿ.ಯ ಬಾಗಿಲಿಗೆ ಬಂದರು. ಚೀಲದಲ್ಲಿ ಕಾಯಿ, ರಾಗಿಹಿಟ್ಟು, ಮೇಲುಗಡೆ ತಾಯಿ ಕಟ್ಟಿಕೊಟ್ಟ ಚಕ್ಕುಲಿ.

ಬಾಗಿಲಲ್ಲಿ ಕುಳಿತ ಮೇಲ್ವಿಚಾರಕ ಒರಟನೇನಲ್ಲ. ಎದ್ದು ನಿಂತು, “ಯಜಮಾನ್ರೇ, ಕೂತ್ಕೊಳ್ಳಿ, ನೀರು ಕುಡೀರಿ” ಎಂದ. ಮೇಲಕ್ಕೆ ಹೋಗುವಂತಿಲ್ಲ ಎಂದೂ ಹೇಳಿದ. ಮಗ ಕಛೇರಿಯಿಂದ ಓಡಿಬಂದು ಕೇಳಿಕೊಂಡ: ಒಂದೇ ರಾತ್ರಿ, ತನ್ನ ಮಂಚದಲ್ಲಿ ಅವರು, ತಾನು ನೆಲದ ಮೇಲೆ. ಕೋಣೆಯ ಇಬ್ಬರೂ ಒಪ್ಪಿದ್ದರು. ಮೇಲ್ವಿಚಾರಕ ಗೋಡೆಯ ಹಾಳೆಯನ್ನು ತೋರಿಸಿದ. ‘ಹೊರಗಿನವರಿಗೆ ಪ್ರವೇಶವಿಲ್ಲ.’ “ನನ್ನ ಕೆಲಸ ಹೋಗತ್ತೆ ಸಾರ್, ಬೇಕಾದ್ರೆ ಓನರ್‌ಗೆ ಫೋನ್ ಹಾಕಿ” ಎಂದ. ಫೋನು ಹಾಕಿದ್ದಾಯಿತು. ಒಬ್ಬರಿಗೆ ಬಿಟ್ಟರೆ ಅರವತ್ತು ಜನರಿಗೂ ಬಿಡಬೇಕಾಗುತ್ತದೆ ಎಂದರು ಯಜಮಾನರು. ಅವರ ಮಾತಿನಲ್ಲಿಯೂ ತಪ್ಪು ಹುಡುಕುವುದು ಕಷ್ಟ. ಹೊರಗಿನವರು ಎಂಬ ಶಬ್ದ ತನ್ನ ತಂದೆಗೂ ಅನ್ವಯಿಸುತ್ತದೆಂಬುದು ಮಾತ್ರ ಹುಡುಗನಿಗೆ ಅಂದಿನವರೆಗೆ ಹೊಳೆದಿರಲಿಲ್ಲ.

ತಂದೆ ಇದೆಲ್ಲವನ್ನೂ ಕೇಳಿಸಿಕೊಂಡು, ಕೇಳಿಸದವರಂತೆ ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕುಳಿತಿದ್ದರು. “ಇರಲಿ ಬಿಡಯ್ಯ, ಸ್ಟೇಷನ್ನಾಗೇ ಮಲಗಿದ್ರೆ ಆಗ್ತಿತ್ತು” ಎಂದು ಎದ್ದರು. ಮಗ ಅವರನ್ನು ಹತ್ತಿರದ ಲಾಡ್ಜಿಗೆ ಕರೆದುಕೊಂಡು ಹೋದ. ಒಂದು ರಾತ್ರಿಗೆ 1,200. ತಂದೆ ಸೊಂಟದ ಚೀಲಕ್ಕೆ ಕೈಹಾಕಿದರು; ಮಗ ಬೇಡವೆಂದ; ಇಬ್ಬರೂ ಗಲ್ಲೆಯ ಮುಂದೆ ಸ್ವಲ್ಪ ಹೊತ್ತು ಎಳೆದಾಡಿದರು. ಆ ರಾತ್ರಿ ದೀಪ ಆರಿಸಿದ ಮೇಲೆ ತಂದೆ ಕತ್ತಲಲ್ಲಿ, “ಐವತ್ತು ಕಾಯಿ ಮಲಗಿಕೊಂಡ್ವು” ಎಂದು ನಕ್ಕರು. ಮಗನಿಗೆ ನಗು ಬರಲಿಲ್ಲ. ನಾಲ್ಕು ತಿಂಗಳಿಂದ ಅವನು ಬೆಂಗಳೂರಿನಲ್ಲಿ ಜಾಗ ಮಾಡಿಕೊಂಡಿದ್ದೇನೆಂದು ಊರಿಗೆಲ್ಲ ಹೇಳಿದ್ದ.

ಮರುದಿನ ಆಸ್ಪತ್ರೆಯಲ್ಲಿ ತಂದೆಯ ರಕ್ತ ತೆಗೆದ ತರುಣ ಮಾತುಗಾರ. ರಾತ್ರಿ ಎಲ್ಲಿ ಉಳಿದಿರೆಂದು ಕೇಳಿ, ಲಾಡ್ಜೆಂದು ತಿಳಿದು, “ನಮ್ಮನೇಗೆ ಬರಬಹುದಿತ್ತಲ್ಲ! ಮಾಲೂರಲ್ಲಿದೀವಿ, ಒಂದು ಪಾಲು ಖಾಲಿ ಬೇರೆ ಇದೆ” ಎಂದ.

ಅವನು ಕೆ.ಜಿ.ಎಫ್.ನವನು, ಮನೆಮಾತು ತಮಿಳು. ಅಜ್ಜ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಆ ಗಣಿಗೆ ಇಳಿದು, ಪಾಳಿ ಮುಗಿಸಿ, ನಡೆದೇ ಮನೆ ಸೇರುತ್ತಿದ್ದರಂತೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮನೆಗಳು ಅಲ್ಲಿಯೇ ಉಳಿದುವು, ಕೆಲಸ ಇಲ್ಲವಾಯಿತು. ಅಂದಿನಿಂದ ಕೆ.ಜಿ.ಎಫ್.ನ ಸಾವಿರಾರು ಜನ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ಬಂದು ದುಡಿದು ರಾತ್ರಿ ಹಿಂದಿರುಗುತ್ತಾರೆ. ಅಜ್ಜ ನೆಲದೊಳಕ್ಕೆ ಇಳಿದಿದ್ದರೆ ಮೊಮ್ಮಗ ನೆಲದ ಮೇಲೆ 60 ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು. ಕೆಲಸವಿರುವಲ್ಲಿ ಮನೆಯಿಲ್ಲ, ಮನೆಯಿರುವಲ್ಲಿ ಕೆಲಸವಿಲ್ಲ. ಈ ಎರಡರ ನಡುವೆ ಒಂದು ನಿಲ್ದಾಣ ನೋಡಿಕೊಂಡು ಅವನು ಮಾಲೂರಿನಲ್ಲಿ ಇಳಿದುಬಿಟ್ಟಿದ್ದ; ವಾರಕ್ಕೊಮ್ಮೆ ತಾಯಿಯ ಹತ್ತಿರ ಹೋಗುತ್ತಿದ್ದ.

ವಿಚಿತ್ರವೆಂದರೆ, ತಿಪಟೂರಿನ ಹುಡುಗ ಇಷ್ಟು ದಿನ ಪಶ್ಚಿಮದ ಕಡೆಯೇ ಹುಡುಕಿದ್ದ. ತನ್ನೂರು ಇದ್ದುದು ಆ ದಿಕ್ಕಿನಲ್ಲಿ. ಕಣ್ಣು ಆ ಕಡೆಗೇ ತಿರುಗುತ್ತಿತ್ತು. ಕಛೇರಿಯಿಂದ ಮುಂದಕ್ಕೂ ರೈಲು ಹೋಗುತ್ತದೆ, ಅಲ್ಲಿಯೂ ಊರುಗಳಿವೆ ಎಂಬುದು ತೋಚಿರಲಿಲ್ಲ. ವೈಟ್‌ಫೀಲ್ಡ್ ರೈಲ್ವೆ ನಿಲ್ದಾಣದಿಂದ ಮಾಲೂರು 20 ಕಿಲೋಮೀಟರಿನಷ್ಟು ದೂರ. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಊರು. ಮಾಸ್ತಿಯವರ ಮಾಸ್ತಿ ಇದೇ ತಾಲ್ಲೂಕಿನದು.

ಮನೆಯೊಡತಿ ಹೆಂಚಿನ ಕಾರ್ಖಾನೆಯಲ್ಲಿದ್ದವರೊಬ್ಬರ ವಿಧವೆ. ಎರಡು ಕೋಣೆ, ಒಂದು ಅಡುಗೆಮನೆಗೆ ಬಾಡಿಗೆ 7,500, ಮುಂಗಡ 30,000. ಹುಡುಗ ಮದುವೆ, ಅಡುಗೆ, ಊರುಗಳ ಪ್ರಶ್ನೆಗೆಲ್ಲ ಸಿದ್ಧನಾಗಿ ಹೋಗಿದ್ದ. ಆಕೆ ಕೇಳಿದ್ದು ಎರಡೇ: “ಒಂದನೇ ತಾರೀಖು ದುಡ್ಡು ಬರುತ್ತೇನಪ್ಪ? ನಲ್ಲಿ ಬಿಟ್ಟು ಮರ್ತು ಹೋಗ್ತೀಯಾ?” ಕೋಲಾರದ ಸೀಮೆಯಲ್ಲಿ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು.

ಮೂರನೆಯ ಪಾಲುದಾರ ಕಲಬುರಗಿಯ ಮುಸಲ್ಮಾನ ಹುಡುಗ, ಗೋದಾಮೊಂದರಲ್ಲಿ ರಾತ್ರಿಪಾಳಿ. ಹೆಸರು ಹೇಳಿದೊಡನೆ ‘ನಿನ್ನೆ ತಾನೇ ಕೊಟ್ಟೆವು’ ಎಂಬ ಉತ್ತರವನ್ನು ಬೆಂಗಳೂರಿನಲ್ಲಿ ಹನ್ನೊಂದು ಸಲ ಕೇಳಿದ್ದನೆಂದು ಅವನೇ ನಗುತ್ತ ಹೇಳುತ್ತಿದ್ದ. ಎಣಿಸಿಟ್ಟುಕೊಂಡವನ ನಗೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ಲಾಭದ ವ್ಯಾಪಾರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪಾಲಿನ ಬಾಡಿಗೆ 2,500, ಅಡುಗೆಯ ಸಾಮಾನು, ಗ್ಯಾಸು, ನೀರಿನ ಟ್ಯಾಂಕರು, ರೈಲಿನ ತಿಂಗಳ ಪಾಸು, ನಿಲ್ದಾಣದಿಂದ ಕಛೇರಿಗೆ ಬಸ್ಸು ಎಲ್ಲ ಸೇರಿ ಪಿ.ಜಿ.ಗಿಂತ ಸಾವಿರ ರೂಪಾಯಿ ಉಳಿಯಿತು. ಅದಕ್ಕೆ ತೆತ್ತದ್ದು ದಿನಕ್ಕೆ ಎರಡೂವರೆ ಗಂಟೆ. ರೈಲು ತಡವಾದರೆ ಮೂರೂವರೆ. ತಪ್ಪಿದರೆ ಎರಡು ಬಸ್ಸು ಬದಲಾಯಿಸಿ ಮನೆ ಸೇರುವಾಗ ಬೀದಿನಾಯಿಗಳೂ ಮಲಗಿರುತ್ತಿದ್ದುವು. ಮನೆಯೊಳಗಿನ ಶಾಂತಿಯೂ ಅಖಂಡವಾಗಿರಲಿಲ್ಲ. ರಾತ್ರಿ ದುಡಿದು ಬಂದವನು ಹಗಲು ಮಲಗುವಾಗ ಉಳಿದವರಲ್ಲಿ ರಜೆಯಿದ್ದವನು ಕುಕ್ಕರು ಕೂಗಿಸುವನು. ಒಬ್ಬನಿಗೆ ಮುದ್ದೆ, ಒಬ್ಬನಿಗೆ ಜೋಳದ ರೊಟ್ಟಿ, ಒಬ್ಬನಿಗೆ ಅನ್ನ ರಸ. ಕೊಡಪಾನ ತುಂಬಿಸುವ ಸರದಿಯ ಮೇಲೆ ಒಮ್ಮೆ ಮೂರು ದಿನ ಮಾತು ನಿಂತಿತು. ನಾಲ್ಕನೆಯ ದಿನ ಟ್ಯಾಂಕರು ಬಂದಾಗ ಮಾತೂ ಬಂತು. ಖರ್ಚಿಗೆಂದು ಒಂದು ಬರೆಯುವ ಪುಸ್ತಕವಿತ್ತು. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಅದರಲ್ಲಿ ತಂದವರು ತಂದದ್ದನ್ನು ಬರೆಯಬೇಕು. ತಿಂಗಳ ಕೊನೆಯಲ್ಲಿ ತಿಪಟೂರಿನವನು ಕೂಡಿ ಮೂರರಿಂದ ಭಾಗಿಸುವನು. ಒಂದು ಪೈಸೆಯ ವ್ಯತ್ಯಾಸವೂ ಬಾರದು.

ಡಿಸೆಂಬರಿನಲ್ಲಿ ತಂದೆ ಬಲಗಣ್ಣಿಗಾಗಿ ಮತ್ತೆ ಬಂದರು. ಈ ಸಲ ಮಗ ಮಾಲೂರಿನ ನಿಲ್ದಾಣಕ್ಕೇ ಹೋಗಿ ಕರೆತಂದ. ಅವರು ಒಳಗೆ ಬಂದು ಮೊದಲು ಛಾವಣಿಯನ್ನು ನೋಡಿದರು. ಹೆಂಚು ಕಂಡು ಸಮಾಧಾನವಾದಂತೆ ಕುಳಿತರು. ಕಲಬುರಗಿಯ ಹುಡುಗ ಪಾಳಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ತಂದೆ ಹೆಸರು ಕೇಳಿದರು. ಅವನು ಹೇಳಿದ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮಗ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತುಬಿಟ್ಟ. ಊರಿನಲ್ಲಿ ತಂದೆ ಯಾರ ಮನೆಯಲ್ಲಿ ಕೂರುತ್ತಾರೆ, ಯಾರ ಮನೆಯಲ್ಲಿ ಕೂರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

“ನಿಮ್ಮ ಕಡೆ ಬೆಳೆ ಹ್ಯಾಗಾಯ್ತಪ್ಪ?” ಎಂದರು ತಂದೆ.

“ಏನ್ ಹೇಳ್ಲಿರಿ ಕಾಕಾ. ಭೀಮಾ ಹೊಳಿ ಬಂತು. ತೊಗರಿ ಎಲ್ಲಾ ನೀರಾಗ ಹೋತು.”

“ನಮ್ಮಲ್ಲಿ ಬಿಳಿನೊಣ. ಮರ ನಿಂತೇ ಐತೆ, ಕಾಯಿಲ್ಲ.”

ಇಬ್ಬರೂ ತಲೆಯಾಡಿಸಿದರು. ಅಲ್ಲಿಂದ ಮಾತು ಸಾಲಕ್ಕೆ ಹೋಯಿತು, ಸಾಲದಿಂದ ಬೆಳೆವಿಮೆಗೆ. ಹುಡುಗ ಗಡಿಯಾರ ನೋಡಿಕೊಂಡು ಎದ್ದು, ಮೂಲೆಯಲ್ಲಿ ಸುತ್ತಿಟ್ಟಿದ್ದ ತನ್ನ ಚಾಪೆಯನ್ನು ಬಿಡಿಸಿ, ಒಗೆದ ಹೊದಿಕೆಯೊಂದನ್ನು ಅದರ ಮೇಲೆ ಹಾಸಿದ. “ನೀವು ಇಲ್ಲೇ ಮಲಕೋರಿ ಕಾಕಾ. ನನಗ ಮುಂಜಾನಿ ತನಕ ಡ್ಯೂಟಿ ಅದ. ಜಾಗ ಖಾಲೀನೇ ಇರ್ತದ.” ತಂದೆ ಆ ರಾತ್ರಿ ಅದರ ಮೇಲೆ ಮಗನ ಪಕ್ಕದಲ್ಲಿ ಮಲಗಿದರು. ಮಲಗಿದ ಸ್ವಲ್ಪ ಹೊತ್ತಿಗೆ ಗೊರಕೆಯೂ ಬಂತು. ಅವರ ಕಾಲು ಚಾಪೆಯನ್ನು ದಾಟಿ ನೆಲದ ಮೇಲೆ ಚಾಚಿತ್ತು.

ಬೆಳಿಗ್ಗೆ ಪಾಳಿ ಮುಗಿಸಿ ಕಲಬುರಗಿಯ ಹುಡುಗ ಬರುವಷ್ಟರಲ್ಲಿ ಎಲ್ಲರೂ ಆಸ್ಪತ್ರೆಗೆ ಹೊರಟುಹೋಗಿದ್ದರು. ಚಾಪೆ ಮೊದಲಿನಂತೆಯೇ ಸುತ್ತಿತ್ತು. ಪಕ್ಕದಲ್ಲಿ ಸುಲಿದ ಎರಡು ತೆಂಗಿನಕಾಯಿ. ತಿಂಗಳ ಕೊನೆಯಲ್ಲಿ ತಿಪಟೂರಿನವನು ಲೆಕ್ಕ ಕೂಡಲು ಪುಸ್ತಕ ತೆಗೆದಾಗ ಆ ತಾರೀಖಿನ ಮುಂದೆ ‘ಕಾಯಿ 2, ಕಾಕಾ’ ಎಂದು ಬರೆದಿತ್ತು. ಮೊತ್ತದ ಕಡೆ ಏನೂ ಇರಲಿಲ್ಲ. ಅವನು ಅದನ್ನು ಹಾಗೆಯೇ ಬಿಟ್ಟು ಉಳಿದದ್ದನ್ನು ಮೂರರಿಂದ ಭಾಗಿಸಿದ.